ಲ್ಯಾಪ್‌ಟಾಪ್ ಹಿಂಜ್ ಮತ್ತು ಬಿಸಿಗಾಳಿಯ ಲೆಕ್ಕ

ಲ್ಯಾಪ್‌ಟಾಪ್ ಕೊಳ್ಳೋಕೆ ಹೋದವರು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಅಂತ ಕೇಳುತ್ತಾರೆ. ಸ್ವಲ್ಪ ತಿಳಿದವರಾದರೆ ಫ್ಯಾನ್ ಒಂದೋ ಎರಡೋ ಅಂತಲೂ ಕೇಳುತ್ತಾರೆ. ಮುಚ್ಚಳ ಪೂರ್ತಿ ತೆರೆದು, ಹಿಂಬದಿಗೆ ಹೋಗಿ ಬಗ್ಗಿ, ಹಿಂಜ್ ಅಂದರೆ ಮುಚ್ಚಳ ತಿರುಗುವ ಕೀಲಿನ ಹತ್ತಿರ ಏನಾಗುತ್ತಿದೆ ಅಂತ ನೋಡುವವರು ಕಮ್ಮಿ. ನಾನಂತೂ ನೋಡುತ್ತೇನೆ. ಅಂಗಡಿಯ ಹುಡುಗರು ಇವನಿಗೇನಾಯ್ತು ಅನ್ನೋ ಥರ ನನ್ನನ್ನೇ ನೋಡುತ್ತಾರೆ, ನೋಡಲಿ ಬಿಡಿ. ರಾಯಚೂರಿನ ಕಡೆಯವನಿಗೆ ಬಿಸಿಯ ಚಿಂತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿನೇ ಇರುತ್ತದೆ.

ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಆಪಲ್‌ನವರು ಮ್ಯಾಕ್‌ಬುಕ್ ಬಳಸಬೇಕು ಅಂತ ಹೇಳುವ ಸುತ್ತಲಿನ ತಾಪಮಾನ 10ರಿಂದ 35 ಡಿಗ್ರಿ. ಎಸಿ ಇಲ್ಲದ ನಮ್ಮ ಮಧ್ಯಾಹ್ನದ ಕೋಣೆ ಆ ಮಿತಿಯ ಆಚೆಗೇ ಇರುತ್ತದೆ. ಇದರ ಲೆಕ್ಕ ಸರಳ. ಬಿಸಿ ಹೊರಗೆ ಹೋಗುವ ವೇಗ ನಿಂತಿರೋದು ಚಿಪ್‌ಗೂ ಕೋಣೆಯ ಗಾಳಿಗೂ ಇರುವ ವ್ಯತ್ಯಾಸದ ಮೇಲೆ. ಚಿಪ್ 95 ಡಿಗ್ರಿಯಲ್ಲಿದೆ, ಕೋಣೆ 25 ಅಂದುಕೊಳ್ಳಿ, ವ್ಯತ್ಯಾಸ 70. ಅದೇ ಕೋಣೆ 40 ಆದರೆ ವ್ಯತ್ಯಾಸ 55. ಅಂದರೆ ಅದೇ ಫ್ಯಾನ್, ಬಿಸಿ ಹೊತ್ತೊಯ್ಯುವ ಅದೇ ತಾಮ್ರ, ಆದರೆ ತಣ್ಣಗೆ ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಸುಮ್ನೆ ಹೋಯಿತು. ಹೀಗಿರುವಾಗ ಒಳಗೆ ಬರುವ ಗಾಳಿಗೂ ಅಡ್ಡಿ ಇದ್ದರೆ ಕೇಳೋದೇ ಬೇಡ.

ಆ ಅಡ್ಡಿ ಇರೋದು ತಳದಲ್ಲಿ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ತಳದ ಕಿಂಡಿಗಳಿಂದ ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಹೀಟ್ ಪೈಪ್ ಅನ್ನೋ ತಾಮ್ರದ ಕೊಳವೆ ಹೊತ್ತು ತಂದು ಅಂಚಿನಲ್ಲಿರುವ ಲೋಹದ ತೆಳು ಪಟ್ಟಿಗಳಿಗೆ ಮುಟ್ಟಿಸುತ್ತದೆ, ಫ್ಯಾನ್ ಆ ಪಟ್ಟಿಗಳ ನಡುವೆ ಗಾಳಿ ನುಗ್ಗಿಸಿ ಹಿಂದಕ್ಕೋ ಪಕ್ಕಕ್ಕೋ ತಳ್ಳುತ್ತದೆ. ಚೆನ್ನಾಗಿದೆ. ಆದರೆ ಯಂತ್ರ ಮೇಜಿನ ಮೇಲೆ ನಿಂತಿರೋದು ಪುಟ್ಟ ರಬ್ಬರ್ ಕಾಲುಗಳ ಮೇಲೆ. ಮೇಜಿಗೂ ತಳಕ್ಕೂ ಎರಡು ಮೂರು ಮಿಲಿಮೀಟರ್ ಸಂದು ಅಷ್ಟೇ. ಲ್ಯಾಪ್‌ಟಾಪ್ ತೆಳುವಾಗಿ ಕಾಣಲಿ ಅಂತ ಆ ಕಾಲುಗಳನ್ನೂ ಸವೆಸಿ ಸವೆಸಿ ಇಟ್ಟಿರುತ್ತಾರೆ. ಎಳನೀರಿಗೆ ತೀರಾ ಸಣ್ಣ ಸ್ಟ್ರಾ ಹಾಕಿದ ಹಾಗೆ, ಎಷ್ಟು ಜೋರಾಗಿ ಎಳೆದರೂ ಬರೋದು ಅಷ್ಟೇ.

ಈ ಸಂದಿನ ಬಗ್ಗೆ ಒಂದು ವಿಷಯ ನನಗೆ ಬಹಳ ಇಷ್ಟ. ಎರಡು ಚಪ್ಪಟೆ ಹಾಳೆಗಳ ನಡುವೆ ಗಾಳಿ ನಿಧಾನಕ್ಕೆ, ಸುಳಿಯಿಲ್ಲದೆ ಹರಿಯುವಾಗ ಅಡ್ಡಿಯು ಸಂದಿನ ಎತ್ತರದ ಘನಕ್ಕೆ ತಕ್ಕಂತೆ ಕಮ್ಮಿಯಾಗುತ್ತದೆ. ಸಂದು ಎರಡರಷ್ಟಾದರೆ ಅಡ್ಡಿ ಅರ್ಧ ಆಗೋದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ ಅಡಿಯಲ್ಲಿ ಇಷ್ಟು ಶುದ್ಧ ಲೆಕ್ಕ ನಡೆಯೋದಿಲ್ಲ, ಕಿಂಡಿಗಳ ಹತ್ತಿರ ಗಾಳಿ ಸುಳಿಯುತ್ತದೆ, ಆದರೂ ದಿಕ್ಕು ಅದೇ. ಎರಡು ಮಿಲಿಮೀಟರ್ ಇದ್ದದ್ದು ನಾಲ್ಕಾದರೆ ದೊಡ್ಡ ಲಾಭ, ನಾಲ್ಕು ಹತ್ತಾದರೆ ಇನ್ನೂ ಲಾಭ, ಹತ್ತು ಮೂವತ್ತಾದರೆ ಹೆಚ್ಚೇನೂ ಇಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ತಳದ ಸಂದು ಅಡ್ಡಿಯೇ ಅಲ್ಲ, ಉಳಿದಿರೋದು ಕಿಂಡಿಯ ಜಾಲರಿ ಮತ್ತು ಒಳಗಿನ ಲೋಹದ ಪಟ್ಟಿಗಳ ಅಡ್ಡಿ. ಅದನ್ನು ನೀವು ಎಷ್ಟು ಎತ್ತಿದರೂ ಕಮ್ಮಿ ಮಾಡೋಕಾಗಲ್ಲ.

ಹಿಂಜ್ ಬರೋದು ಇಲ್ಲಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳ ತೆರೆದಾಗ ಸ್ಕ್ರೀನಿನ ಕೆಳ ಅಂಚು ದೇಹದ ಹಿಂದಕ್ಕೆ ಸರಿದು, ಕೆಳಗಿಳಿದು, ಮೇಜಿಗೆ ತಾಗುತ್ತದೆ. ಇನ್ನೂ ತೆರೆದರೆ ಆ ಅಂಚೇ ಕಾಲಾಗಿ ಕೀಬೋರ್ಡಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಮೋಟಾರ್ ಇಲ್ಲ, ಬೇರೆ ಸ್ಟ್ಯಾಂಡ್ ಇಲ್ಲ. ಹಿಂಜ್ ತಿರುಗುವ ಬಿಂದುವನ್ನು ಎಲ್ಲಿಡಬೇಕು ಅನ್ನೋದನ್ನು ಸ್ವಲ್ಪ ಬದಲಿಸಿದ್ದಾರೆ, ಅಷ್ಟೇ. ಏಸುಸ್‌ನವರು 2018ರಲ್ಲಿ ಝೆನ್‌ಬುಕ್ ಎಸ್ ತಂದಾಗ ಇದಕ್ಕೆ ಎರ್ಗೋಲಿಫ್ಟ್ ಅಂತ ಹೆಸರಿಟ್ಟು ಜೋರಾಗಿ ಪ್ರಚಾರ ಮಾಡಿದರು. ಅದರಲ್ಲಿ ಕೀಬೋರ್ಡ್ 5.5 ಡಿಗ್ರಿ ಓರೆಯಾಗುತ್ತಿತ್ತು. ಅದೇ ವರ್ಷ ಬಂದ ಝೆನ್‌ಬುಕ್ 13, 14, 15ರಲ್ಲಿ 3 ಡಿಗ್ರಿ. ಐಡಿಯಾ ಅವರದ್ದೇ ಅಂತೇನಿಲ್ಲ, 2013ರ ಸೋನಿ ವಯೋ ಪ್ರೊ ಕೂಡ ತೆರೆದಾಗ ಹಿಂದೆ ಸ್ವಲ್ಪ ಏಳುತ್ತಿತ್ತು. ಆಮೇಲೆ ಡೆಲ್, ಎಚ್‌ಪಿ ಎಲ್ಲರೂ ತಮ್ಮ ಕೆಲವು ಮಾಡೆಲ್‌ಗಳಲ್ಲಿ ಇದನ್ನೇ ಮಾಡಿದರು.

3 ಡಿಗ್ರಿ ಅಂದರೆ ಏನು ಮಹಾ ಅನ್ನಿಸುತ್ತೆ, ಅಲ್ವಾ? ಲ್ಯಾಪ್‌ಟಾಪ್ ಮುಂದಿನಿಂದ ಹಿಂದಕ್ಕೆ ಸುಮಾರು 21 ಸೆಂಟಿಮೀಟರ್ ಇದೆ ಅಂದುಕೊಂಡರೆ 3 ಡಿಗ್ರಿಗೆ ಹಿಂಬದಿ 11 ಮಿಲಿಮೀಟರ್ ಏಳುತ್ತದೆ. 5.5 ಡಿಗ್ರಿಗೆ 20 ಮಿಲಿಮೀಟರ್. ಕಿಂಡಿಗಳು ಸಾಮಾನ್ಯವಾಗಿ ಹಿಂದಿನ ಅರ್ಧದಲ್ಲೇ ಇರೋದರಿಂದ ಈ ಎತ್ತರದ ಹೆಚ್ಚಿನ ಪಾಲು ಅವುಗಳಿಗೇ ಸಿಗುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ 3 ಡಿಗ್ರಿಯೇ ಗಾಳಿಗೆ ಸಾಕು, ಉಳಿದ ಎರಡೂವರೆ ಡಿಗ್ರಿ ಟೈಪ್ ಮಾಡುವ ಕೈಗೆ ಮತ್ತು ಜಾಹೀರಾತಿಗೆ.

ಇನ್ನೊಂದು ವಿಷಯ, ಇದನ್ನು ಅಳೆಯೋದು ಹೇಗೆ ಅನ್ನೋದರಲ್ಲಿ ಬಹಳ ಜನ ಎಡವುತ್ತಾರೆ. ಹಿಂಬದಿಗೆ ಒಂದು ಪುಸ್ತಕ ಕೊಟ್ಟು ಎತ್ತಿ, ತಾಪಮಾನ ತೋರಿಸುವ ಸಾಫ್ಟ್‌ವೇರ್ ನೋಡಿ, "ಎರಡೇ ಡಿಗ್ರಿ ಕಮ್ಮಿ ಆಯ್ತು, ಇದೆಲ್ಲ ಬೋಗಸ್" ಅಂತಾರೆ. ಆದರೆ ಈಗಿನ ಪ್ರೊಸೆಸರ್‌ಗಳು ತಮಗೆ ಎಷ್ಟು ಬಿಸಿಯಾಗಲು ಅನುಮತಿ ಇದೆಯೋ ಅಷ್ಟರವರೆಗೂ ದುಡಿಯುತ್ತವೆ. ಇಂಟೆಲ್‌ನ ಎಷ್ಟೋ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಈ ಗಡಿ 100 ಡಿಗ್ರಿ. ಗಾಳಿ ಚೆನ್ನಾಗಿ ಬಂದರೆ ಚಿಪ್ ತಣ್ಣಗೆ ಕೂರೋದಿಲ್ಲ, ಅದೇ ಬಿಸಿಯಲ್ಲಿ ಇನ್ನೂ ವೇಗವಾಗಿ ಓಡುತ್ತದೆ, ಇಲ್ಲವೇ ಫ್ಯಾನ್ ನಿಧಾನವಾಗುತ್ತದೆ. ಆದ್ದರಿಂದ ನೋಡಬೇಕಾದ್ದು ದೊಡ್ಡ ಕೆಲಸ ಕೊಟ್ಟು ಹತ್ತು ನಿಮಿಷ ಆದಮೇಲೆ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್‌ನಲ್ಲಿ ನಿಂತಿದೆ ಅನ್ನೋದನ್ನ. ಕೇಳಬೇಕಾದ್ದು ಫ್ಯಾನಿನ ಸದ್ದು. ನನಗೆ ಹೀಗೆ ಹಿಂಬದಿ ಎತ್ತುವ ಲಿಫ್ಟ್ ಹಿಂಜ್‌ನ ನಿಜವಾದ ಲಾಭ ಈ ಸದ್ದಿನಲ್ಲೇ ಕಂಡಿದೆ. ಅದೇ ಕೆಲಸಕ್ಕೆ ಫ್ಯಾನ್ ಅಷ್ಟೊಂದು ಅರಚೋದಿಲ್ಲ.

ಈಗ ಬಿಸಿಗಾಳಿ ಹೊರಗೆ ಹೋಗುವ ಕಡೆ ನೋಡೋಣ, ಅಲ್ಲಿ ಹಿಂಜ್ ಬೇರೆ ರೀತಿಯ ತಲೆನೋವು. ಮುಚ್ಚಳ ತೆರೆದ ಮೇಲೆ ಲ್ಯಾಪ್‌ಟಾಪಿನ ಹಿಂಭಾಗದಲ್ಲಿ ಸ್ಕ್ರೀನ್ ಗೋಡೆಯ ಥರ ನಿಂತಿರುತ್ತದೆ. ಬಿಸಿಗಾಳಿ ಹಿಂದಕ್ಕೆ ಹೊರಟರೆ ಆ ಗೋಡೆಗೆ ಬಡಿಯುತ್ತದೆ. ಸ್ವಲ್ಪ ಮೇಲೆ ಹೋಗಿ ಸ್ಕ್ರೀನಿನ ಕೆಳಭಾಗವನ್ನು ಕಾಯಿಸುತ್ತದೆ. ಸ್ವಲ್ಪ ಕೆಳಗೆ ತಿರುಗಿ ತಳಕ್ಕೆ ನುಸುಳಿ ಮತ್ತೆ ಅದೇ ಫ್ಯಾನಿನ ಬಾಯಿಗೆ ಹೋಗುತ್ತದೆ. ಒಮ್ಮೆ ಬಿಸಿಯಾದ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಿದರೆ ಯಂತ್ರ ತಣ್ಣಗಾಗೋದು ಹೇಗೆ? ಒಳ್ಳೆಯ ವಿನ್ಯಾಸಗಳಲ್ಲಿ ತಳದಲ್ಲಿ ಹಿಂಬದಿಗೆ ಅಡ್ಡಲಾಗಿ ಒಂದು ಉದ್ದ ರಬ್ಬರ್ ಪಟ್ಟಿ ಇರುತ್ತದೆ, ನೀವು ಅದನ್ನು ಜಾರದೆ ಇರೋಕೆ ಅಂತ ಅಂದುಕೊಂಡಿರುತ್ತೀರಿ. ಒಳಗೆ ಬರುವ ಗಾಳಿ ಮತ್ತು ಹೊರಗೆ ಹೋಗುವ ಗಾಳಿ ಸೇರದ ಹಾಗೆ ನಡುವೆ ತಡೆಯೋದೂ ಅದರ ಕೆಲಸ. ಲಿಫ್ಟ್ ಹಿಂಜ್ ಇದ್ದರೆ ಮೇಜಿಗೆ ತಾಗಿದ ಮುಚ್ಚಳದ ಅಂಚೂ ಇದೇ ಕೆಲಸ ಮಾಡುತ್ತದೆ. ಬಿಸಿಗಾಳಿಯ ಕಿಂಡಿ ಆ ಅಂಚಿನಿಂದ ಮೇಲಿದ್ದರೆ ಅದು ಸ್ಕ್ರೀನಿನ ಮುಂದೆಯೋ ಹಿಂದೆಯೋ ಮೇಲಕ್ಕೆ ಹೋಗುತ್ತದೆ, ತಳಕ್ಕೆ ಬರೋಕೆ ದಾರಿ ಇಲ್ಲ. ಕಿಂಡಿ ಅಂಚಿನಿಂದ ಕೆಳಗೆ, ಒಳಗಡೆಗೆ ಇದ್ದರೆ ಮಾತ್ರ ಎಡವಟ್ಟು. ಆಗ ಎತ್ತಿದ್ದರಿಂದ ಆದ ಲಾಭ ಬಿಸಿಗಾಳಿ ಸುತ್ತುವುದರಲ್ಲಿ ಹೋಯಿತು. ಅದಕ್ಕೇ ನಾನು ಬಗ್ಗಿ ನೋಡೋದು.

ಈ ಗೋಡೆಯ ಸಮಸ್ಯೆಗೆ ನನಗೆ ಅತ್ಯಂತ ಹಿಡಿಸಿದ ಪರಿಹಾರ ಹಿಂಜನ್ನೇ ಮುಂದಕ್ಕೆ ತರೋದು. 2018ರಲ್ಲಿ ಬಂದ ಲೆನೊವೊ ಲೀಜನ್ ವೈ530ರಲ್ಲಿ ಸ್ಕ್ರೀನ್ ದೇಹದ ಕೊನೆಯ ಅಂಚಿನಲ್ಲಿ ಇರಲಿಲ್ಲ, ಸ್ವಲ್ಪ ಮುಂದೆ ಇತ್ತು. ಅದರ ಹಿಂದೆ ದೇಹದ ಒಂದು ತುಂಡು ಜಗಲಿ ಥರ ಚಾಚಿಕೊಂಡಿತ್ತು. ಬಿಸಿಗಾಳಿ ಆ ಚಾಚಿದ ಭಾಗದಿಂದ ನೇರ ಹಿಂದಕ್ಕೆ, ಸ್ಕ್ರೀನ್ ಮುಟ್ಟದೆ ಹೋಗುತ್ತಿತ್ತು. ಏಲಿಯನ್‌ವೇರ್‌ನವರ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲೂ ಇಂಥದ್ದೇ ಹಿಂಚಾಚು ಇತ್ತು. ನೋಡೋಕೆ ಅಷ್ಟು ಚಂದ ಅಲ್ಲ, ಬ್ಯಾಗಿನಲ್ಲಿ ಜಾಗ ಜಾಸ್ತಿ ಬೇಕು. ಆದರೆ ಗಾಳಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಇದರಲ್ಲಿ ತಮಾಷೆ ಏನೆಂದರೆ ಮಡಚುವ ಲ್ಯಾಪ್‌ಟಾಪ್‌ಗಳ ಅಜ್ಜನಲ್ಲೇ ಹಿಂಜ್ ಹೀಗೆ ಮುಂದೆ ಇತ್ತು. 1982ರ ಗ್ರಿಡ್ ಕಂಪಸ್. ಬ್ರಿಟಿಷ್ ವಿನ್ಯಾಸಗಾರ ಬಿಲ್ ಮಾಗ್ರಿಜ್ ರೂಪಿಸಿದ್ದು. ಸ್ಕ್ರೀನ್ ಕೀಬೋರ್ಡ್ ಮೇಲೆ ಮಡಚಿಕೊಳ್ಳುತ್ತಿತ್ತು, ತೆರೆದಾಗ ಸ್ಕ್ರೀನಿನ ಹಿಂದೆ ದೇಹದ ಒಂದು ದೊಡ್ಡ ಭಾಗ ಬಯಲಿಗೆ ಉಳಿಯುತ್ತಿತ್ತು. ಅದಕ್ಕೆ ಫ್ಯಾನ್ ಇರಲಿಲ್ಲ. ಮೆಗ್ನೀಸಿಯಂ ಹೊದಿಕೆಯೇ ಬಿಸಿಯನ್ನು ಗಾಳಿಗೆ ಬಿಡುತ್ತಿತ್ತು. ಬಿಸಿಯಾದ ಗಾಳಿ ಹಗುರಾಗಿ ತಾನೇ ಮೇಲೇಳುತ್ತದೆ, ಆ ಜಾಗಕ್ಕೆ ತಣ್ಣನೆಯದು ಬರುತ್ತದೆ, ಅಷ್ಟೇ ಸಾಕಾಗಿತ್ತು. 1983ರಲ್ಲಿ ನಾಸಾ ಇದನ್ನು ಸ್ಪೇಸ್ ಶಟಲ್‌ನಲ್ಲಿ ಕೊಂಡೊಯ್ದಾಗ ಮಾತ್ರ ಫ್ಯಾನ್ ಸೇರಿಸಬೇಕಾಯಿತು. ಯಾಕೆ ಗೊತ್ತಾ? ತೂಕವೇ ಇಲ್ಲದ ಕಡೆ ಬಿಸಿಗಾಳಿ ಮೇಲೇಳೋದಿಲ್ಲ, ಅಲ್ಲೇ ಗುಂಪುಗೂಡಿ ನಿಂತುಬಿಡುತ್ತದೆ. ಇದನ್ನು ಓದಿದ ದಿನ ನಾನು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ್ದೆ, ಯಾರಿಗೂ ನನ್ನಷ್ಟು ಖುಷಿ ಆಗಲಿಲ್ಲ.

ಇನ್ನೊಂದು ದಾರಿ ಇದಕ್ಕಿಂತ ಧೈರ್ಯದ್ದು. ಗಾಳಿಯನ್ನು ಹಿಂಜ್ ಸುತ್ತ ಕಳಿಸುವ ಬದಲು ಬಿಸಿಯನ್ನೇ ಹಿಂಜ್ ಒಳಗಿನಿಂದ ಸ್ಕ್ರೀನಿನ ಹಿಂದಕ್ಕೆ ದಾಟಿಸೋದು. ಯೋಚಿಸಿ ನೋಡಿ, ಮುಚ್ಚಳದ ಬೆನ್ನು ಎಷ್ಟು ದೊಡ್ಡ ಜಾಗ! 14 ಇಂಚಿನ ಯಂತ್ರದಲ್ಲಿ ಹೆಚ್ಚುಕಮ್ಮಿ 31 ಸೆಂಟಿಮೀಟರ್ ಅಗಲ, 22 ಎತ್ತರ. ಬಯಲಿಗೆ ನೆಟ್ಟಗೆ ನಿಂತಿರುತ್ತದೆ, ಬಿಸಿಗಾಳಿ ಮೇಲೇಳೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಕೋಣೆಗಿಂತ 15 ಡಿಗ್ರಿ ಜಾಸ್ತಿ ಬಿಸಿಯಾದರೂ ಸಾಕು, ಫ್ಯಾನೇ ಇಲ್ಲದೆ ಸುಮಾರು 10 ವಾಟ್ ಬಿಸಿಯನ್ನು ಆ ಬೆನ್ನೊಂದೇ ಕಳೆದುಕೊಳ್ಳುತ್ತದೆ. ತೆಳು ಲ್ಯಾಪ್‌ಟಾಪಿನ ಪ್ರೊಸೆಸರ್ 15 ವಾಟಿನದ್ದು ಅಂದರೆ ಮೂರರಲ್ಲಿ ಎರಡು ಪಾಲು ಅಲ್ಲೇ ತೀರಿತು.

2002ರಲ್ಲಿ ಜಪಾನಿನ ಹಿಟಾಚಿ ಇದನ್ನು ನೀರಿನಿಂದ ಮಾಡಿ ತೋರಿಸಿತು. ಪ್ರೊಸೆಸರ್ ಮೇಲಿಂದ ಸಣ್ಣ ಪಂಪು ದ್ರವವನ್ನು ತಳ್ಳುತ್ತಿತ್ತು, ಕೊಳವೆ ಹಿಂಜ್ ದಾಟಿ ಸ್ಕ್ರೀನಿನ ಹಿಂದೆ ಸುತ್ತಿ ಬಿಸಿ ಬಿಟ್ಟು ವಾಪಸ್ ಬರುತ್ತಿತ್ತು. ನಿಶ್ಶಬ್ದ ಲ್ಯಾಪ್‌ಟಾಪ್. ನನಗೆ ಇಂಥ ಹುಚ್ಚು ಇಷ್ಟ, ಆದರೆ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಕೀಲಿನ ಮೂಲಕ ಮದರ್‌ಬೋರ್ಡ್ ಪಕ್ಕದಲ್ಲೇ ನೀರು ಹರಿಯುತ್ತಿದೆ ಅಂದರೆ ನಾನಂತೂ ನೆಮ್ಮದಿಯಾಗಿ ಮಲಗಲಾರೆ. ಆಮೇಲೆ 2020ರ ಹೊತ್ತಿಗೆ ಇಂಟೆಲ್ ಬಗ್ಗೆ ಇದೇ ಥರದ ಸುದ್ದಿ ಬಂತು. ಈ ಸಲ ನೀರಲ್ಲ, ಗ್ರಾಫೈಟ್ ಹಾಳೆ. ಅದನ್ನು ಹಿಂಜ್ ಮೂಲಕ ಸ್ಕ್ರೀನಿನ ಹಿಂದಕ್ಕೆ ಹಾಸೋದು. ಒಳ್ಳೆಯ ಗ್ರಾಫೈಟ್ ಹಾಳೆ ತನ್ನ ಉದ್ದಕ್ಕೂ ಬಿಸಿಯನ್ನು ಸಾಗಿಸುವುದರಲ್ಲಿ ತಾಮ್ರವನ್ನೂ ಮೂರು ಪಟ್ಟಿಗಿಂತ ಜಾಸ್ತಿ ಮೀರಿಸುತ್ತದೆ, ಕಾಗದದ ಹಾಗೆ ಬಾಗುತ್ತದೆ ಕೂಡ. ಕಾಗದದ ಮೇಲೆ ಎಲ್ಲ ಸರಿ. ಆದರೆ ತೆಳು ಹಾಳೆ ಅಂದರೆ ಬಿಸಿ ಸಾಗುವ ದಾರಿಯೂ ತೆಳು. ಹತ್ತಾರು ಸಾವಿರ ಸಲ ಬಾಗಿದ ಮೇಲೂ ಅದು ಬಿರುಕು ಬಿಡಬಾರದು. ಮತ್ತೆ ಸ್ಕ್ರೀನಿಗೂ ಬಿಸಿ ಆಗಿಬರೋದಿಲ್ಲ, ಅದರಲ್ಲೂ ಓಎಲ್‌ಇಡಿ ಬಿಸಿಯಲ್ಲಿ ಬೇಗ ವಯಸ್ಸಾಗುತ್ತದೆ. ಬೆನ್ನಿನ ಹೊದಿಕೆಗೂ ಪ್ಯಾನೆಲ್‌ಗೂ ನಡುವೆ ಬಿಸಿ ತಡೆಯುವ ಪದರ ಬೇಕು, ಆಗ ಮುಚ್ಚಳ ದಪ್ಪ. ಮುಚ್ಚಳ ದಪ್ಪವಾದರೆ ಮಾರ್ಕೆಟಿಂಗಿನವರಿಗೆ ನಿದ್ದೆ ಬರಲ್ಲ.

ಆಟದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್ ಜೊತೆ ಇನ್ನೂ ಏನೇನೋ ಸರ್ಕಸ್ ನಡೆದಿದೆ. ಏಸುಸ್‌ನ 2017ರ ಝೆಫೈರಸ್‌ನಲ್ಲಿ ಮುಚ್ಚಳ ಎತ್ತಿದರೆ ತಳದ ಹಲಗೆಯೇ ಕೆಳಗೆ ಬಾಯ್ತೆರೆದು ಸುತ್ತಲಿಂದ ಗಾಳಿ ಬರಲು ಜಾಗ ಮಾಡುತ್ತಿತ್ತು. ಕೀಬೋರ್ಡನ್ನು ಮುಂದಕ್ಕೆ ತಳ್ಳಿ ಅಂಗೈ ಇಡೋಕೆ ಜಾಗ ಇಲ್ಲದ ಹಾಗೆ ಮಾಡಿದ್ದರು, ಅದು ಬೇರೆ ಮಾತು. 2020ರ ಝೆಫೈರಸ್ ಡುಯೋದಲ್ಲಿ ಕೀಬೋರ್ಡ್ ಮೇಲಿನ ಎರಡನೇ ಸ್ಕ್ರೀನ್ 13 ಡಿಗ್ರಿ ಏಳುತ್ತದೆ, ಅದರ ಕೆಳಗೆ ದೊಡ್ಡ ಗಾಳಿಬಾಯಿ. ಇದು ನಿಜಕ್ಕೂ ಜಾಣತನ, ಯಾಕೆಂದರೆ ಗಾಳಿ ಮೇಲಿನಿಂದಲೂ ಬರುತ್ತದೆ, ಅಡಿಯಲ್ಲಿ ಏನಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿರೋದಿಲ್ಲ. ಆಟದ್ದಲ್ಲದ, ತೆಳು ಲ್ಯಾಪ್‌ಟಾಪ್ ಆದ 2012ರ ಏಸರ್ ಆಸ್ಪೈರ್ ಎಸ್5ರಲ್ಲಿ ಮೋಟಾರೇ ಇತ್ತು, ಬಟನ್ ಒತ್ತಿದರೆ ಹಿಂಜ್ ಹಿಂದಿನ ಪೋರ್ಟ್ ಬಾಗಿಲು ಕೆಳಗಿಳಿದು ಯಂತ್ರ ಎದ್ದು ನಿಲ್ಲುತ್ತಿತ್ತು. ಚಂದ ಇತ್ತು. ಆದರೆ ಮೋಟಾರ್ ಅಂದರೆ ಕೆಡೋಕೆ ಇನ್ನೊಂದು ವಸ್ತು.

ಲಿಫ್ಟ್ ಹಿಂಜ್ ಎಲ್ಲಿ ಕೈಕೊಡುತ್ತದೆ ಅಂದರೆ ಹಾಸಿಗೆಯಲ್ಲಿ. ಅದರ ಇಡೀ ಲೆಕ್ಕ ಗಟ್ಟಿ ಮೇಜನ್ನು ನಂಬಿದೆ. ಹತ್ತಿ ಹಾಸಿಗೆ ಮೇಲೆ ಇಟ್ಟರೆ ಮುಚ್ಚಳದ ತೆಳು ಅಂಚು ಬೆಡ್‌ಶೀಟಿನಲ್ಲಿ ಹೂತುಹೋಗುತ್ತದೆ, ತಳದ ಕಿಂಡಿಗೆ ಬಟ್ಟೆ ಮುಚ್ಚಿಕೊಳ್ಳುತ್ತದೆ. ತೊಡೆ ಮೇಲೆ ಇಟ್ಟರೆ ಅಂಚು ಒತ್ತುತ್ತದೆ, ಚಡ್ಡಿ ಹಾಕಿದ್ದರೆ ಗೆರೆಯೇ ಬೀಳುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಲ್ಯಾಪ್‌ಟಾಪಿಗೆ ಅಂತ ಮೇಜಿದೆ ಹೇಳಿ? ಮಂಚ, ಚಾಪೆ, ದಿವಾನ. ಅಲ್ಲಿ ಒಂದು ಪ್ಲೈವುಡ್ ಹಲಗೆ ಇಟ್ಟುಕೊಂಡರೆ ಯಾವ ಕೂಲಿಂಗ್ ಪ್ಯಾಡಿಗೂ ಕಮ್ಮಿ ಇಲ್ಲ.

ಎರಡನೆಯ ತೊಂದರೆ ಬಾಳಿಕೆ. ಹಿಂಜ್ ಬಿಗಿಯಾಗಿರಬೇಕು, ಇಲ್ಲದಿದ್ದರೆ ಸ್ಕ್ರೀನ್ ಹಿಂದಕ್ಕೆ ಬೀಳುತ್ತದೆ. ಆ ಬಿಗಿಯನ್ನು ಹಿಡಿದಿರೋದು ಏನು ಅಂದರೆ, ಕಡಿಮೆ ಬೆಲೆಯ ಯಂತ್ರಗಳಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳು. ಪಕ್ಕದಲ್ಲೇ ಬಿಸಿಗಾಳಿಯ ಕಿಂಡಿ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಒಂದು ದಿನ ಮುಚ್ಚಳ ಎತ್ತುವಾಗ ಚಟ್ ಅಂತ ನಟ್ಟು ಕಿತ್ತು ಬರುತ್ತದೆ, ಜೊತೆಗೆ ಮೂಲೆಯೇ ಬಾಯಿ ಬಿಡುತ್ತದೆ. ಲಿಫ್ಟ್ ಹಿಂಜ್‌ನಲ್ಲಿ ಯಂತ್ರದ ಹಿಂದಿನ ಭಾರವೂ ಅದೇ ಕೀಲಿನ ಮೇಲೆ ಬೀಳೋದರಿಂದ ಅಲ್ಲಿ ಲೋಹ ಇರಲೇಬೇಕು. ನನ್ನ ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಹೀಗೇ ಆದಾಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಿಪೇರಿಯವನು ಬಿಚ್ಚಿ ನೋಡಿ ಹೇಳಿದ್ದು ಒಂದೇ ಮಾತು: "ಸರ್, ಹಿಂಜ್ ಚೆನ್ನಾಗೇ ಇದೆ, ಅದನ್ನ ಹಿಡ್ಕೊಂಡಿರೋದೇ ಹೋಗಿದೆ." ಅಂಟು ಹಾಕಿ ಕೂರಿಸಿಕೊಟ್ಟ. ಇನ್ನೂ ನಡೀತಾ ಇದೆ.

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ನೋಡೋದು ಮುಚ್ಚಳ ತೆರೆದಾಗ ಹಿಂಬದಿ ಏಳುತ್ತದಾ ಅಂತ. ಎದ್ದರೆ ಮೇಜಿಗೆ ತಾಗುವ ಅಂಚಿಗೆ ರಬ್ಬರ್ ಇದೆಯಾ, ಇಲ್ಲವೇ ಬರೀ ಪ್ಲಾಸ್ಟಿಕ್ ಉಜ್ಜಿಕೊಳ್ಳುತ್ತಾ ಅಂತ ನೋಡುತ್ತೇನೆ. ಆಮೇಲೆ ಡೆಮೊ ಯಂತ್ರದಲ್ಲಿ ಏನಾದರೂ ಭಾರದ ಕೆಲಸ ಓಡಿಸಿ ಕೈ ಹಿಡಿದು ಬಿಸಿಗಾಳಿ ಎಲ್ಲಿಂದ ಬರುತ್ತೆ ಅಂತ ಹುಡುಕುತ್ತೇನೆ. ಸ್ಕ್ರೀನಿಗೆ ನೇರ ಬಡಿಯುತ್ತಿದ್ದರೆ ಇಷ್ಟ ಆಗಲ್ಲ, ಕೀಬೋರ್ಡ್ ತಳದಲ್ಲೇ ಸುತ್ತುತ್ತಿದ್ದರೆ ಬೇಡವೇ ಬೇಡ. ಇವೆರಡೂ ಸರಿ ಇದ್ದರೆ ಆಮೇಲೆ ಬೆಲೆ ಕೇಳೋದು.

ಮ್ಯಾಕ್‌ಬುಕ್ ಏರ್ ಕೊಳ್ಳುವವರಿಗೆ ಮಾತ್ರ ಇದ್ಯಾವುದೂ ಬೇಕಿಲ್ಲ. 2020ರ ಎಂ1 ಬಂದಮೇಲೆ ಅದರಲ್ಲಿ ಫ್ಯಾನೇ ಇಲ್ಲ, ಗಾಳಿ ಎಳೆಯುವ ಕಿಂಡಿಯೂ ಇಲ್ಲ. ಹಿಂದಿನಿಂದ ಎತ್ತಿಟ್ಟರೆ ಅಲ್ಯೂಮಿನಿಯಂ ತಳಕ್ಕೆ ಸ್ವಲ್ಪ ಗಾಳಿ ತಾಗುತ್ತದೆ ನಿಜ, ಆದರೆ ಲಿಫ್ಟ್ ಹಿಂಜ್ ಹಾಕುವಷ್ಟು ಲಾಭ ಅದರಲ್ಲಿಲ್ಲ, ಆಪಲ್ ಹಾಕಿಯೂ ಇಲ್ಲ. ಮ್ಯಾಕ್‌ಬುಕ್ ಪ್ರೊದಲ್ಲಿ ಫ್ಯಾನ್ ಇದೆ, ಬಿಸಿಗಾಳಿ ಹಿಂಜ್ ಪಕ್ಕದ ಸಂದಿನಿಂದಲೇ ಹೊರಬರುತ್ತದೆ. ಹೊರಗಿನ ಮಾನಿಟರಿಗೆ ಹಾಕಿಕೊಂಡು ಭಾರದ ಕೆಲಸ ಮಾಡುವವರು ಆ ಸಂದಿನ ಹತ್ತಿರ ಗೋಡೆಯೋ ಪುಸ್ತಕದ ರಾಶಿಯೋ ಇಲ್ಲದ ಹಾಗೆ ನೋಡಿಕೊಳ್ಳಿ.